ಹುಂಜದ ಜುಟ್ಟಿಗೆ ಹಲ್ಲು ಬಂದದ್ದು

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದೆಂದರೆ, ಬೆಟ್ಟದ ಕಲ್ಲುಗಳಿಗೆ ಒಂದೇ ಕಡೆ ಕೂರುವುದು ರೂಢಿಯಾಗಿರಲಿಲ್ಲ; ಆಗಾಗ ಎದ್ದು ಮಗ್ಗುಲು ಬದಲಿಸುತ್ತಿದ್ದವು. ತೊರೆಗೆ ತಾನು ಯಾವ ಕಡೆ ಹರಿಯಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿಕೊಂಡು ಹೋಗುತ್ತಿತ್ತು. ಸಿಕ್ಕವರು ಹೇಳುತ್ತಲೂ ಇದ್ದರು. ಆಗ ಎಲ್ಲರ ಮಾತೂ ಎಲ್ಲರಿಗೂ ತಿಳಿಯುತ್ತಿತ್ತು.

ಆ ಕಾಲದಲ್ಲಿ ಹುಂಜದ ಜುಟ್ಟು ಈಗಿನ ಹಾಗೆ ಇರಲಿಲ್ಲ. ಅರ್ಧಕ್ಕೆ ಮಡಿಸಿದ ವೀಳ್ಯದೆಲೆಯ ಹಾಗೆ ದುಂಡಗೆ, ನುಣ್ಣಗೆ ಇತ್ತು. ಅಂಚಿನಲ್ಲಿ ಒಂದೇ ಒಂದು ಕಚ್ಚೂ ಇರಲಿಲ್ಲ.

ಬಿಳಿಕಲ್ಲು ಗುಡ್ಡದ ನೆತ್ತಿಯ ಮೇಲೆ ದ್ಯಾವಿ ಎಂಬ ಹೆಂಗಸು ಇದ್ದಳು. ಅವಳ ಗಂಡನ ಹೆಸರು ಜವರ. ಅವನು ಮಾತು ಕಡಿಮೆಯ ಮನುಷ್ಯ. ಇಬ್ಬರೂ ಸೇರಿ ಜೋಳ, ನವಣೆ ಬೆಳೆದುಕೊಂಡು ಇದ್ದರು. ಅವರ ಹಿತ್ತಲಲ್ಲಿ ಏಳು ಹೇಂಟೆ, ಒಂದು ಹುಂಜ ಇದ್ದವು. ಹುಂಜ ಕೆಂಪಗಿತ್ತು, ಅದಕ್ಕೆ ಕೆಂಚ ಎಂದು ಹೆಸರು. ಹೇಂಟೆಗಳಲ್ಲಿ ಎಲ್ಲಕ್ಕಿಂತ ಹಿರಿಯಳು ಕರಿಕಾಲಿ. ಎಲ್ಲಕ್ಕಿಂತ ಕಿರಿಯಳು ಚುಕ್ಕಿ. ಚುಕ್ಕಿಗೆ ಮೈತುಂಬ ಬಿಳಿ ಚುಕ್ಕೆ.

ಅವು ದ್ಯಾವಿ ತಾನಾಗಿ ಸಾಕಿದ ಕೋಳಿಗಳಲ್ಲ. ಅವಳ ಅವ್ವ ಮುದ್ದವ್ವನ ಕೋಳಿಗಳು. ಮುದ್ದವ್ವ ಈಗ ಇರಲಿಲ್ಲ.

ಹಿಂದಿನ ವರ್ಷ ಲೋಕಕ್ಕೆ ಮೊದಲ ಚಳಿಗಾಲ ಬಂದಿತ್ತು. ಅಲ್ಲಿಯವರೆಗೆ ಬಿಸಿಲು ಗೊತ್ತಿತ್ತು, ಮಳೆ ಗೊತ್ತಿತ್ತು. ಚಳಿ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗುಡಿಸಲಿಗೆ ಬಾಗಿಲು ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮುದ್ದವ್ವ ಎಂದಿನಂತೆ ಬಾಗಿಲಿಲ್ಲದ ಬಾಗಿಲಲ್ಲಿ, ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದಳು. ಎಚ್ಚರವಾದಾಗ ಹಿತ್ತಲಿನ ಕೋಳಿಗಳು ಕಾಣಬೇಕು, ಅಷ್ಟೇ ಅವಳ ಆಸೆ. ಗಾಳಿ ಅವಳ ಮೈಮೇಲೆ ಹಾದು ಒಳಗೆ ಬರುತ್ತಿತ್ತು, ಅವಳ ಮೈಮೇಲೆ ಹಾದು ಹೊರಗೆ ಹೋಗುತ್ತಿತ್ತು. ಒಂದು ವಾರ ಕೆಮ್ಮಿದಳು. ಆಮೇಲೆ ಎದ್ದು ಕೂರುವುದು ನಿಂತಿತು.

"ದ್ಯಾವೀ, ಕೋಳಿ ನೋಡ್ಕೊ," ಎಂದಳು ಕೊನೆಗೆ.

ಅಂದಿನಿಂದ ದ್ಯಾವಿ ಗಾಳಿಯ ಜೊತೆ ಮಾತು ಬಿಟ್ಟಳು. ಮೊದಲು ಅವರಿಬ್ಬರೂ ಚೆನ್ನಾಗಿದ್ದವರು. ಅವಳು ಮಿಂದು ಬಂದರೆ ಗಾಳಿ ಕೂದಲು ಒಣಗಿಸುತ್ತಿತ್ತು. ಅವಳು ಕಣದಲ್ಲಿ ಕಾಳು ತೂರಿದರೆ ಹೊಟ್ಟು ಹಾರಿಸಿ ಕೊಡುತ್ತಿತ್ತು. ಈಗ ಅವಳು ತೂರುವುದನ್ನೇ ಬಿಟ್ಟು, ಮೂಲೆಯಲ್ಲಿ ಕೂತು ಮೊರದಲ್ಲಿ ಕೇರಿಕೊಳ್ಳುತ್ತಿದ್ದಳು. ಗಾಳಿ ಎದುರಿಗೆ ಬಂದರೆ ಸೆರಗು ಮುಖಕ್ಕೆ ಎಳೆದುಕೊಂಡು ಬೇರೆ ಕಡೆ ತಿರುಗುತ್ತಿದ್ದಳು. ಗಾಳಿ ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತು, ಎರಡು ತರಗೆಲೆ ಅತ್ತಿತ್ತ ಮಾಡಿ, ಹೊರಟುಹೋಗುತ್ತಿತ್ತು.

ಹೀಗೆ ಒಂದು ವರ್ಷ ಕಳೆಯಿತು. ಒಂದು ದಿನ ದ್ಯಾವಿ ನೀರಿಗೆ ಹೋದಾಗ ತೊರೆ ಹೇಳಿತು, "ದ್ಯಾವಮ್ಮ, ಮೇಲುಗಡೆ ನನ್ನ ಕಾಲು ಜೋಮು ಹಿಡಿದಿದೆ. ಹೋದ ವರ್ಷವೂ ಹೀಗೇ ಆಗಿತ್ತು. ಅದು ಮತ್ತೆ ಬರ್ತಾ ಇದೆ ಅಂತ ಕಾಣುತ್ತೆ."

"ಯಾವುದು?"

"ಚಳಿ."

ದ್ಯಾವಿ ಕೊಡವನ್ನು ಅರ್ಧಕ್ಕೇ ಎತ್ತಿಕೊಂಡು ಮನೆಗೆ ಬಂದಳು.

ಅಂದೇ ಕೋಳಿಗೂಡು ಕಟ್ಟಲು ಶುರು ಮಾಡಿದಳು. ಅಲ್ಲಿಯವರೆಗೆ ಕೋಳಿಗಳಿಗೆ ಗೂಡೇ ಇರಲಿಲ್ಲ. ಬೇಲಿಯ ಮರೆಯಲ್ಲಿ ಮಲಗುತ್ತಿದ್ದವು. ಗುಡಿಸಲಿಗೆ ಜವರ ಆಗಲೇ ಗಟ್ಟಿ ಬಾಗಿಲು ಮಾಡಿ ನಿಲ್ಲಿಸಿದ್ದ. ಈಗ ಇಬ್ಬರೂ ಕಲ್ಲು ಹೊತ್ತು ತಂದರು. ಕಲ್ಲಿನ ಮೇಲೆ ಕಲ್ಲಿಟ್ಟರು. ಮೇಲೆ ಕಟ್ಟಿಗೆ ಹಾಸಿ, ಹುಲ್ಲು ಹೊದಿಸಿದರು. ಕಲ್ಲುಗಳ ಸಂದಿಗೆ ದ್ಯಾವಿ ಮಣ್ಣು ಮೆತ್ತಿದಳು. ಮಣ್ಣಿನ ಮೇಲೆ ಸಗಣಿ ಸಾರಿಸಿದಳು. ಹುಲ್ಲಿನ ಮೇಲೂ ಮಣ್ಣು ಬಳಿದಳು.

ಜವರ ನೋಡುತ್ತ ನಿಂತಿದ್ದವನು, "ಮೇಲುಗಡೆ ಒಂದು ಗೇಣು ಸಂದು ಬಿಡೋಣವಾ?" ಎಂದ.

"ಯಾಕೆ?"

"ಯಾಕೋ, ತೀರಾ ಮಡಕೆ ಹಾಗೆ ಆಯ್ತು ಅನ್ನಿಸ್ತು."

"ಮಡಕೆ ಹಾಗೇ ಇರಲಿ," ಎಂದಳು ದ್ಯಾವಿ. "ಸಂದು ಬಿಟ್ಟದ್ದಕ್ಕೇ ಅವ್ವ ಹೋದದ್ದು."

ಜವರ ಇನ್ನಷ್ಟು ಮಣ್ಣು ಕಲಸಿಕೊಟ್ಟ.

ಚಳಿ ಬಂತು. ಸಂಜೆಯಾಗುತ್ತಲೇ ದ್ಯಾವಿ ಕೋಳಿಗಳನ್ನು ಗೂಡಿಗೆ ಬಿಟ್ಟು, ಹಲಗೆಯ ಬಾಗಿಲು ಹಾಕಿ, ಬಾಗಿಲಿನ ಸುತ್ತಲೂ ಹಸಿಮಣ್ಣು ಮೆತ್ತಿದಳು. ಬೆಳಿಗ್ಗೆ ಮಣ್ಣು ಕೆರೆದು ಬಾಗಿಲು ತೆಗೆದಳು. ಕೋಳಿಗಳು ಒಂದೊಂದಾಗಿ ಹೊರಗೆ ಬಂದವು. ಎಲ್ಲವೂ ಬದುಕಿದ್ದವು. ಆದರೆ ಅವುಗಳ ಗರಿ ಮೈಗೆ ಅಂಟಿಕೊಂಡಿತ್ತು. ಮಂಜಿನಲ್ಲಿ ನಡೆದು ಬಂದವರ ಬಟ್ಟೆಯ ಹಾಗೆ ತಣ್ಣಗೆ ತೇವವಾಗಿತ್ತು.

ಎಲ್ಲಿಂದಲೋ ಚಳಿ ಒಳಗೆ ನುಗ್ಗುತ್ತಿದೆ ಎಂದುಕೊಂಡಳು ದ್ಯಾವಿ. ಸುತ್ತಲೂ ಹುಡುಕಿದಳು. ಎಳ್ಳಿನಷ್ಟು ತೂತು ಕಂಡರೂ ಮುಚ್ಚಿದಳು.

ಮಾರನೆಯ ಬೆಳಿಗ್ಗೆ ಗರಿ ಇನ್ನೂ ಒದ್ದೆಯಾಗಿತ್ತು. ಅವಳು ಗೋಡೆಗೆ ಇನ್ನೊಂದು ಪದರ ಸಗಣಿ ಸಾರಿಸಿದಳು.

ಅದರ ಮಾರನೆಯ ಬೆಳಿಗ್ಗೆ ಒಳಗೆ ಹಾಸಿದ್ದ ಹುಲ್ಲೂ ಒದ್ದೆಯಾಗಿತ್ತು. ಬಾಗಿಲು ತೆಗೆದ ಕೂಡಲೇ ಘಾಟು ವಾಸನೆ ಮೂಗಿಗೆ ಬಡಿದು, ದ್ಯಾವಿಯ ಕಣ್ಣಲ್ಲಿ ನೀರು ಬಂತು. ಹೊರಗೆ ಬಂದ ಹೇಂಟೆಗಳ ಕಣ್ಣಲ್ಲೂ ನೀರು. ಎರಡು ಹೇಂಟೆಗಳು ಸೀನುತ್ತಿದ್ದವು.

ಆ ಸಂಜೆ ಅವಳು ಒಂದು ಕುಡಿಕೆಯಲ್ಲಿ ಕೆಂಡ ತುಂಬಿ ಗೂಡಿನೊಳಗೆ ಇಟ್ಟಳು. ಬಾಗಿಲು ಹಾಕಿ ಹತ್ತು ಹೆಜ್ಜೆ ಬರುವಷ್ಟರಲ್ಲಿ ಒಳಗಿನಿಂದ ಎಂಟು ಕೋಳಿಗಳೂ ಒಟ್ಟಿಗೆ ಕೂಗಿಕೊಂಡವು. ಹೊಗೆ ಕಟ್ಟಿಕೊಂಡಿತ್ತು. ಒಂದು ಕಿಡಿ ಹುಲ್ಲಿಗೆ ಬಿದ್ದು, ಹುಲ್ಲು ಒದ್ದೆಯಾಗಿದ್ದರಿಂದ ಆರಿತ್ತು. ಜವರ ಓಡಿಬಂದು ಕುಡಿಕೆಯನ್ನು ಬರಿಗೈಯಲ್ಲೇ ಹೊರಗೆ ಎಳೆದ. ಅವನ ಎರಡು ಬೆರಳು ಸುಟ್ಟವು.

"ಗೂಡಲ್ಲಿ ಬೆಂಕಿ ಬೇಡ ದ್ಯಾವಿ," ಎಂದ. ಅವನು ಅಷ್ಟು ಗಟ್ಟಿಯಾಗಿ ಹೇಳಿದ್ದು ಅವಳು ಹಿಂದೆಂದೂ ಕೇಳಿರಲಿಲ್ಲ.

"ಮತ್ತೇನು ಮಾಡಲಿ? ನೀನೇ ಹೇಳು."

ಜವರ ಸುಟ್ಟ ಬೆರಳುಗಳನ್ನು ನೀರಿಗೆ ಅದ್ದಿದ.

ಐದನೆಯ ದಿನ ಬೆಳಿಗ್ಗೆ ಆರು ಹೇಂಟೆಗಳು ಹೊರಗೆ ಬಂದವು. ಕೆಂಚ ಬಂದ. ಚುಕ್ಕಿ ಬರಲಿಲ್ಲ. ದ್ಯಾವಿ ಬಗ್ಗಿ ಒಳಗೆ ನೋಡಿದಳು. ಚುಕ್ಕಿ ಮೂಲೆಯಲ್ಲಿ, ನೆನೆದ ಹುಲ್ಲಿನ ಮೇಲೆ, ಕತ್ತು ಮಡಿಸಿಕೊಂಡು ಬಿದ್ದಿತ್ತು. ಎತ್ತಿಕೊಂಡರೆ ಗರಿಯಿಂದ ನೀರು ಇಳಿಯಿತು.

ಕೆಂಚ ಹಿತ್ತಲಲ್ಲಿ ನಿಂತಿದ್ದ. ಅಂದು ಅವನು ಕೂಗಿರಲಿಲ್ಲ. ಅವನ ಚೆಂದದ ಜುಟ್ಟಿನ ಮೇಲಂಚು ಬೂದಿಯ ಹಾಗೆ ಬೆಳ್ಳಗಾಗಿತ್ತು.

"ನಿನ್ನ ಜುಟ್ಟಿಗೆ ಏನಾಯ್ತೋ?" ಎಂದಳು ದ್ಯಾವಿ.

"ಗೊತ್ತಿಲ್ಲ. ನಿನ್ನೆ ನೋಯ್ತಾ ಇತ್ತು. ಇವತ್ತು ನೋವೂ ಇಲ್ಲ, ಇದೆಯೋ ಇಲ್ಲವೋ ಅನ್ನೋದೂ ತಿಳೀತಿಲ್ಲ," ಎಂದ ಕೆಂಚ. "ನಾನು ಎಲ್ಲರಿಗಿಂತ ಎತ್ತರ. ಮೇಲಿನಿಂದ ಹನಿಯೋದೆಲ್ಲ ಮೊದಲು ನನ್ನ ತಲೆ ಮೇಲೇ ಬೀಳುತ್ತೆ."

ಹನಿಯುವುದು ಎಂಬ ಮಾತು ದ್ಯಾವಿಯ ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಅವಳು ಚುಕ್ಕಿಯನ್ನು ಬೇಲಿಯ ಬುಡದಲ್ಲಿ ಮಣ್ಣು ಮಾಡಿ ಬಂದಳು. ಕೈ ತೊಳೆಯದೆ ನೇರವಾಗಿ ಗೂಡಿನ ಹತ್ತಿರ ಹೋದಳು. ಗೋಡೆಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಬೆರಳಲ್ಲಿ ತಡವಿ ನೋಡಿದಳು. ಕೊನೆಗೆ ಸೂರಿನ ಕೆಳಗೆ, ಕಲ್ಲಿನ ಹಿಂದೆ, ಸೂಜಿ ತೂರುವಷ್ಟು ಒಂದು ತೂತು ಸಿಕ್ಕಿತು. ಅಲ್ಲಿಂದ ಸಣ್ಣಗೆ ಸುಯ್ ಎನ್ನುತ್ತಿತ್ತು.

ದ್ಯಾವಿ ಮಣ್ಣಿನ ಮುದ್ದೆ ಎತ್ತಿಕೊಂಡಳು.

"ಮುಚ್ಚಬೇಡ," ಎಂದಿತು ಗಾಳಿ.

ಒಂದು ವರ್ಷವಾಗಿತ್ತು ಅವಳು ಆ ದನಿ ಕೇಳಿಸಿಕೊಂಡು. ಕೈ ಹಾಗೇ ನಿಂತಿತು.

"ನಿನ್ನ ಹತ್ರ ನನಗೆ ಮಾತಿಲ್ಲ."

"ಗೊತ್ತು. ಆದರೂ ಮುಚ್ಚಬೇಡ. ಅದೊಂದೇ ತೂತು ಉಳಿದಿರೋದು."

"ಅದಕ್ಕೇ ಮುಚ್ಚೋದು. ಇದರಲ್ಲೇ ತಾನೇ ನೀನು ಒಳಗೆ ಹೋಗಿ ಚುಕ್ಕೀನ ಕೊಂದದ್ದು?"

"ನಾನು ಒಳಗೆ ಹೋಗಿಲ್ಲ ದ್ಯಾವಿ. ಇದರಲ್ಲಿ ನಾನು ಹಿಡಿಸೋದೇ ಇಲ್ಲ. ಹೊರಗೆ ನಿಂತು, ಒಳಗಿರೋದನ್ನ ಚೂರು ಚೂರೇ ಎಳೆದುಕೊಳ್ತಾ ಇದ್ದೆ. ನನ್ನ ಕೈಲಿ ಆಗಲಿಲ್ಲ."

"ಒಳಗಿರೋದು ಅಂದರೆ ಏನು?"

"ಒಳಗೆ ಹೋಗು. ಸೂರು ಮುಟ್ಟಿ ನೋಡು."

ದ್ಯಾವಿಗೆ ಹೋಗುವ ಮನಸ್ಸಿರಲಿಲ್ಲ. ಆದರೂ ಮಂಡಿಯೂರಿ ತೆವಳಿಕೊಂಡು ಗೂಡಿನೊಳಗೆ ಹೋದಳು. ಕತ್ತೆತ್ತಿ, ಕೈ ಮೇಲೆ ಮಾಡಿ, ಸೂರಿನ ಕಟ್ಟಿಗೆ ಮುಟ್ಟಿದಳು. ಅಂಗೈ ನೆನೆಯಿತು. ಇನ್ನೊಂದು ಕಟ್ಟಿಗೆ ಮುಟ್ಟಿದಳು. ಅದೂ ಒದ್ದೆ. ನೀರು ಅವಳ ಮುಂಗೈ ಮೇಲೆ ಹರಿದು ಮೊಣಕೈಗೆ ಇಳಿಯಿತು. ಹುಲ್ಲಿನ ತುದಿಗಳಲ್ಲಿ ಹನಿಗಳು ಸಾಲಾಗಿ ತೂಗುತ್ತಿದ್ದವು.

ಮಳೆ ನಿಂತು ಎರಡು ತಿಂಗಳಾಗಿತ್ತು.

"ಇದು ಎಲ್ಲಿಯ ನೀರು?" ಎಂದು ಒಳಗಿನಿಂದಲೇ ಕೇಳಿದಳು.

"ನಿನ್ನ ಇನ್ನೊಂದು ಅಂಗೈ ಬಾಯಿ ಹತ್ರ ಹಿಡಿದು ಉಸಿರು ಬಿಡು," ಎಂದಿತು ಗಾಳಿ ಹೊರಗಿನಿಂದ.

ದ್ಯಾವಿ ಉಸಿರು ಬಿಟ್ಟಳು. ಅಂಗೈ ಬೆಚ್ಚಗಾಯಿತು, ಆಮೇಲೆ ತೇವವಾಯಿತು.

"ಎಂಟು ಜೀವ ಕತ್ತಲೆಯಿಂದ ಬೆಳಗಿನವರೆಗೆ ಹಾಗೆ ಉಸಿರು ಬಿಡ್ತವೆ. ಹಿಕ್ಕೆಯಿಂದಲೂ ಆವಿ ಏಳುತ್ತೆ. ಅದಕ್ಕೆ ಹೋಗೋಕೆ ದಾರಿ ಬೇಕಲ್ಲ. ದಾರಿ ಇಲ್ಲದಿದ್ದರೆ ಸೂರಿಗೆ ತಾಗಿ, ನೀರಾಗಿ, ಅವುಗಳ ಮೇಲೇ ಬೀಳುತ್ತೆ. ಒಣಗಿದ ಗರಿಯನ್ನ ಚಳಿ ಏನೂ ಮಾಡಲ್ಲ ದ್ಯಾವಿ. ಒದ್ದೆ ಗರಿ ಕಂಡರೆ ಬಿಡಲ್ಲ."

ದ್ಯಾವಿ ಒದ್ದೆ ಹುಲ್ಲಿನ ಮೇಲೇ ಕೂತುಬಿಟ್ಟಳು. ಅದು ಚುಕ್ಕಿ ಬಿದ್ದಿದ್ದ ಜಾಗ.

"ಹಾಗಾದರೆ ಚುಕ್ಕೀನ ಕೊಂದದ್ದು ನಾನು," ಎಂದಳು.

ಒಂದು ಹನಿ ಅವಳ ಬೈತಲೆಯ ಮೇಲೆ ಬಿತ್ತು.

"ನಮ್ಮವ್ವನ್ನ?" ಎಂದಳು ದ್ಯಾವಿ. "ಅವ್ವನ್ನ ಕೊಂದದ್ದು ಯಾರು? ಅದನ್ನೂ ನನ್ನ ಮೇಲೆ ಹಾಕ್ತೀಯಾ?"

"ಇಲ್ಲ. ಅದು ನಾನೇ."

ದ್ಯಾವಿ ಮುಖ ಎತ್ತಿದಳು. ಗಾಳಿ ಸಬೂಬು ಹೇಳಬಹುದೆಂದು ಅವಳು ಅಂದುಕೊಂಡಿದ್ದಳು.

"ಅವಳು ನೆಲದ ಮೇಲೆ, ನಾನು ಓಡಾಡೋ ದಾರಿಯಲ್ಲೇ ಮಲಗಿದ್ದಳು," ಎಂದಿತು ಗಾಳಿ. "ನನಗೂ ಅದೇ ಮೊದಲ ಚಳಿಗಾಲ. ಚಳಿ ನನ್ನ ಬೆನ್ನ ಮೇಲೆ ಹತ್ತಿ ಕೂತಿತ್ತು, ನನಗೆ ಗೊತ್ತೇ ಇರಲಿಲ್ಲ. ದಿನಾ ಹೋದ ಹಾಗೆ ಹೋದೆ, ಬಂದ ಹಾಗೆ ಬಂದೆ. ಯಾಕೆ ಇವಳು ಹೊದಿಕೆ ಎಳ್ಕೊಳ್ತಾಳೆ ಅಂತ ಯೋಚಿಸಲೇ ಇಲ್ಲ. ತಿಳಿಯೋ ಹೊತ್ತಿಗೆ ಅವಳು ಕಣ್ಣು ಮುಚ್ಚಿದ್ದಳು. ನಿನ್ನ ಅಂಗಳಕ್ಕೆ ಒಂದು ವರ್ಷದಿಂದ ಇದನ್ನೇ ಹೇಳೋಕೆ ಬರ್ತಾ ಇದ್ದೆ."

ದ್ಯಾವಿ ಆಗ ಅತ್ತಳು. ಹನಿ ಬೀಳುವ ಆ ಕತ್ತಲ ಗೂಡಿನಲ್ಲಿ ಕೂತು, ಅವ್ವನಿಗಾಗಿ ಅತ್ತಳು, ಚುಕ್ಕಿಗಾಗಿ ಅತ್ತಳು. ಗಾಳಿ ಹೊರಗೆ ಸದ್ದು ಮಾಡದೆ ನಿಂತಿತ್ತು. ಒಂದು ಹುಲ್ಲುಕಡ್ಡಿಯೂ ಅಲ್ಲಾಡಲಿಲ್ಲ.

ಆಮೇಲೆ ಅವಳು ಕಣ್ಣು ಒರೆಸಿಕೊಂಡು ಹೊರಗೆ ಬಂದಳು. "ಈಗ ಏನು ಮಾಡಬೇಕು, ಹೇಳು," ಎಂದಳು. ದನಿಯಲ್ಲಿ ಪ್ರೀತಿ ಇರಲಿಲ್ಲ. ಕೋಳಿಗಳು ಉಳಿಯಬೇಕಾಗಿತ್ತು, ಅಷ್ಟೇ.

"ನನ್ನನ್ನ ಮೈಮೇಲೆ ಬಿಟ್ಟುಕೊಂಡರೆ ನಾನು ಕೊಲ್ತೀನಿ. ತಲೆಯ ಮೇಲೆ ಬಿಟ್ಟುಕೊಂಡರೆ ಕಾಯ್ತೀನಿ. ಗೋಡೆಯ ಕೆಳಗೆಲ್ಲ ಬಿಗಿಯಾಗಿಯೇ ಇರಲಿ, ನೀನು ಕಟ್ಟಿರೋದು ಚೆನ್ನಾಗಿದೆ. ಸೂರಿನ ಕೆಳಗೆ, ಕೋಳಿಗಳ ತಲೆಗಿಂತ ಮೇಲೆ, ಈ ಕಡೆ ಒಂದು ಸಂದು, ಆ ಕಡೆ ಒಂದು ಸಂದು ಬಿಡು. ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗ್ತೀನಿ. ಹೋಗ್ತಾ ಅವುಗಳ ಉಸಿರನ್ನ ಹೊತ್ತುಕೊಂಡು ಹೋಗ್ತೀನಿ. ಕೆಳಗೆ ಇಳಿಯಲ್ಲ."

"ಇಳಿದರೆ?"

"ಇಳಿದರೆ ಮತ್ತೆ ಮುಚ್ಚು. ಮಣ್ಣು ನಿನ್ನ ಕೈಯಲ್ಲೇ ಇದೆ."

ದ್ಯಾವಿ ಗುಡಿಸಲಿಗೆ ಹೋಗಿ ಜವರನಿಗೆ ಎಲ್ಲವನ್ನೂ ಹೇಳಿದಳು. ನಾನು ಅವತ್ತೇ ಹೇಳಿದ್ದೆ ಎಂದು ಜವರ ಹೇಳಬಹುದಿತ್ತು. ಹೇಳಲಿಲ್ಲ. ಸುಟ್ಟ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹಾರೆ ತಂದ.

ಅಷ್ಟರಲ್ಲಿ ತೊರೆ ಕೆಳಗಿನಿಂದ ಕೂಗಿತು. ದನಿ ಅಲ್ಲಲ್ಲಿ ತಡೆದು ತಡೆದು ಬರುತ್ತಿತ್ತು. "ದ್ಯಾವಮ್ಮ, ಜವರಣ್ಣ, ನಿಧಾನ ಮಾಡಬೇಡಿ. ಇಷ್ಟು ದಿನ ಬಂದದ್ದು ಚಳಿಯ ಮಕ್ಕಳು. ಇವತ್ತು ಸಂಜೆ ಚಳಿಯೇ ಬರ್ತಾ ಇದೆ. ನನ್ನ ಅಂಚೆಲ್ಲ ಆಗಲೇ ಗಟ್ಟಿಯಾಯ್ತು."

ಇಬ್ಬರೂ ಕೆಲಸಕ್ಕೆ ಬಿದ್ದರು. ಸೂರಿನ ಕೆಳಗೆ ಎರಡೂ ಕಡೆ ಒಂದೊಂದು ಗೇಣು ಎತ್ತರದ ಸಂದು ಒಡೆದರು. ಕಾಡುಬೆಕ್ಕು ನುಗ್ಗದ ಹಾಗೆ ಜವರ ಅದಕ್ಕೆ ಬಿದಿರಿನ ಸೀಳು ಅಡ್ಡ ಹೆಣೆದ. ದ್ಯಾವಿ ಒದ್ದೆ ಹುಲ್ಲನ್ನೆಲ್ಲ ಬಾಚಿ ತಿಪ್ಪೆಗೆ ಎಸೆದಳು. ನೆಲಕ್ಕೆ ಒಲೆಯ ಬೂದಿ ಹರಡಿ, ಬೂದಿಯ ಮೇಲೆ ನವಣೆ ಹೊಟ್ಟು ಸುರಿದು, ಅದರ ಮೇಲೆ ಗರಗರ ಒಣಗಿದ ಹುಲ್ಲು ದಪ್ಪಗೆ ಹಾಸಿದಳು.

ಹಿರಿಯ ಹೇಂಟೆ ಕರಿಕಾಲಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಒಂದು ಮಾತು ಹೇಳಲಾ?" ಎಂದಳು. "ನೆಲದ ಮೇಲೆ ಮಲಗಿದರೆ ನೆಲ ನಮ್ಮ ಮೈಬಿಸಿಯನ್ನೆಲ್ಲ ಕುಡಿದುಬಿಡುತ್ತೆ. ಕಾಲು ಮರಗಟ್ಟುತ್ತೆ. ಕೂರೋಕೆ ಎತ್ತರದಲ್ಲಿ ಏನಾದರೂ ಇದ್ದರೆ ಚೆನ್ನಾಗಿತ್ತು."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲವಲ್ಲ. ಬರೀ ಮುಚ್ಚುತ್ತಾ ಇದ್ದೆ."

ಜವರ ಒಂದು ಕೊರಡನ್ನು ಉದ್ದಕ್ಕೆ ಸೀಳಿ, ಚಪ್ಪಟೆ ಮುಖ ಮೇಲೆ ಬರುವ ಹಾಗೆ ಗೋಡೆಯಿಂದ ಗೋಡೆಗೆ ಅಡ್ಡ ಇಟ್ಟ. ಅದು ಅಂಗೈಯಷ್ಟು ಅಗಲವಿತ್ತು. ಸಂದು ಇನ್ನೂ ಮೊಳದಷ್ಟು ಮೇಲಿತ್ತು. ಕರಿಕಾಲಿ ಹಾರಿ ಕೂತು ನೋಡಿದಳು. ಮೈ ಇಳಿಸಿದರೆ ಹೊಟ್ಟೆಯ ಗರಿ ಎರಡು ಪಾದಗಳನ್ನೂ ಪೂರಾ ಮುಚ್ಚುತ್ತಿತ್ತು.

"ಹಾಂ, ಇದು ಆದೀತು," ಎಂದಳು.

ಹೊತ್ತು ಇಳಿಯುತ್ತಿತ್ತು. ದ್ಯಾವಿ ಕೋಳಿಗಳಿಗೆ ಬೆಚ್ಚಗಿನ ನೀರು ಇಟ್ಟಳು. ಹೊಟ್ಟೆ ತುಂಬಾ ಜೋಳ ಹಾಕಿದಳು. ಹೊಟ್ಟೆಯಲ್ಲಿ ಕಾಳು ಅರೆಯುತ್ತಿದ್ದರೆ ಮೈ ತಣ್ಣಗಾಗುವುದಿಲ್ಲ ಎಂದು ಅದನ್ನೂ ಕರಿಕಾಲಿಯೇ ಹೇಳಿದ್ದಳು. ಆಮೇಲೆ ಕೆಂಚನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹರಳೆಣ್ಣೆ ಬೆಚ್ಚಗೆ ಮಾಡಿ, ಅವನ ಜುಟ್ಟಿಗೆ ಬೆರಳ ತುದಿಯಲ್ಲಿ ಹಚ್ಚಿದಳು. ಬೆಳಿಗ್ಗೆ ಬೆಳ್ಳಗಿದ್ದ ಅಂಚು ಈಗ ಅಲ್ಲಲ್ಲಿ ಕಪ್ಪಾಗಿತ್ತು.

"ಉಳಿಯುತ್ತಾ?" ಎಂದ ಕೆಂಚ.

"ಬುಡ ಉಳಿಯುತ್ತೆ," ಎಂದಳು ದ್ಯಾವಿ. "ಅಂಚಿನ ಮಾತು ನನಗೆ ತಿಳಿಯದು."

ಕೆಂಚ ಅವಳ ತೊಡೆಯಿಂದ ಇಳಿದು, ತಾನಾಗಿ ಗೂಡಿಗೆ ನಡೆದ. ಹೇಂಟೆಗಳು ಅವನ ಹಿಂದೆ ಹೋದವು. ದ್ಯಾವಿ ಬಾಗಿಲು ಹಾಕಿದಳು. ಒಂದು ಸಲ ತಲೆಯೆತ್ತಿ ಆ ಸಂದನ್ನು ನೋಡಿದಳು. ಕೈಯಲ್ಲಿ ಮಣ್ಣಿನ ಮುದ್ದೆ ಇದ್ದೇ ಇತ್ತು. ಜವರ ಅವಳ ಕೈಯಿಂದ ಅದನ್ನು ಮೆಲ್ಲಗೆ ತೆಗೆದುಕೊಂಡು ನೆಲಕ್ಕೆ ಇಟ್ಟ.

ಅಂದು ಬಂದ ಚಳಿಯ ಕತೆಯನ್ನು ಗುಡ್ಡದ ಕಲ್ಲುಗಳು ಬಹಳ ಕಾಲ ಹೇಳಿಕೊಂಡವು. ಮಗ್ಗುಲು ಬದಲಿಸುತ್ತಿದ್ದ ಎಷ್ಟೋ ಕಲ್ಲುಗಳು ಅಂದು ಹೇಗಿದ್ದವೋ ಹಾಗೇ ನಿಂತು, ಮತ್ತೆ ಅಲ್ಲಾಡಲಿಲ್ಲ. ತೊರೆ ಮಾತು ನಿಲ್ಲಿಸಿತು. ಹಿತ್ತಲಿನ ಬಾನಿಯ ನೀರು ಕೋಲಿನಿಂದ ಕುಟ್ಟಿದರೂ ಒಡೆಯದಷ್ಟು ಗಟ್ಟಿಯಾಯಿತು.

ಬೆಳಕು ಹರಿಯಿತು. ದ್ಯಾವಿ ಗೂಡಿನ ಮುಂದೆ ಬಂದು ನಿಂತಳು. ಬಾಗಿಲಿಗೆ ಕೈ ಹಾಕಲಿಲ್ಲ. ಒಳಗಿನಿಂದ ಸದ್ದಿರಲಿಲ್ಲ. ಜವರ ಹಿಂದಿನಿಂದ ಬಂದು ಅವಳ ಪಕ್ಕದಲ್ಲಿ ನಿಂತ.

"ತೆಗಿ," ಎಂದ.

"ನೀನೇ ತೆಗಿ. ನನಗೆ ಕೈ ಬರ್ತಿಲ್ಲ."

"ಅವು ಅವ್ವ ನಿನಗೆ ಬಿಟ್ಟುಹೋದ ಕೋಳಿ," ಎಂದ ಜವರ. "ನೀನೇ ತೆಗೀಬೇಕು."

ದ್ಯಾವಿ ತೆಗೆದಳು.

ಮೊದಲು ಮೂಗಿಗೆ ಒಣಹುಲ್ಲಿನ ವಾಸನೆ ಬಂತು. ಘಾಟು ಇರಲಿಲ್ಲ. ಆಮೇಲೆ ಕಣ್ಣು ಕತ್ತಲೆಗೆ ಹೊಂದಿಕೊಂಡಿತು. ಅಡ್ಡಕೊರಡಿನ ಮೇಲೆ ಏಳು ಉಂಡೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಕೂತಿದ್ದವು. ಗರಿಗಳನ್ನು ಎಷ್ಟು ಕೆದರಿಕೊಂಡಿದ್ದವೆಂದರೆ ಯಾವುದು ಯಾವ ಕೋಳಿ ಎಂದು ಹೇಳುವ ಹಾಗಿರಲಿಲ್ಲ. ತಲೆಗಳು ರೆಕ್ಕೆಯೊಳಗಿದ್ದವು. ಒಂದು ಉಂಡೆ ಅಲುಗಾಡಿತು. ಅದರೊಳಗಿನಿಂದ ಕರಿಕಾಲಿಯ ಮುಖ ಹೊರಗೆ ಬಂತು.

"ಬಾಗಿಲು ಹಾಕು ದ್ಯಾವಿ, ಇನ್ನೂ ಸ್ವಲ್ಪ ಹೊತ್ತು ಮಲಗ್ತೀವಿ," ಎಂದಳು.

ದ್ಯಾವಿ ಬಾಗಿಲು ಹಾಕಲಿಲ್ಲ. ಒಳಗೆ ತೆವಳಿ ಹೋಗಿ ಒಂದೊಂದರ ಗರಿಯೊಳಗೂ ಬೆರಳು ಹಾಕಿ ನೋಡಿದಳು. ಎಲ್ಲವೂ ಒಣಗಿದ್ದವು, ಹೊಸದಾಗಿ ಸುಟ್ಟ ರೊಟ್ಟಿಯ ಹಾಗೆ ಬೆಚ್ಚಗಿದ್ದವು. ಕೈ ಮೇಲೆತ್ತಿ ಸೂರು ಮುಟ್ಟಿದಳು. ಅಂಗೈಗೆ ನೀರು ತಾಗಲಿಲ್ಲ. ಬರೀ ಗಾಳಿ ತಾಗಿತು. ಅವಳ ಬೆರಳುಗಳ ನಡುವೆ ಹಾದು, ಆ ಕಡೆಯ ಸಂದಿನಿಂದ ಹೊರಗೆ ಹೋಯಿತು. ಕೆಳಗೆ ಇಳಿಯಲಿಲ್ಲ.

ಬಿಸಿಲು ಏರಿದ ಮೇಲೆ ಕೆಂಚ ಹೊರಗೆ ಬಂದು, ಮೈ ಕೊಡವಿ, ಕತ್ತು ಚಾಚಿ ಕೂಗಿದ. ಕೂಗಿದ ರಭಸಕ್ಕೆ ಅವನ ಜುಟ್ಟಿನ ಅಂಚಿನಿಂದ ಏನೋ ಕಪ್ಪಗಿನದು ನೆಲಕ್ಕೆ ಉದುರಿತು. ಇನ್ನೊಮ್ಮೆ ಕೂಗಿದ. ಇನ್ನೊಂದು ಉದುರಿತು. ಚಳಿ ಹಿಡಿದು ಕಪ್ಪಾಗಿದ್ದ ತುಣುಕುಗಳೆಲ್ಲ ಎರಡು ಮೂರು ದಿನದಲ್ಲಿ ಹೀಗೆ ಉದುರಿಹೋದವು. ಉಳಿದ ಭಾಗ ಮತ್ತೆ ಕೆಂಪಾಯಿತು.

ಕೆಂಚ ಬಾನಿಯಲ್ಲಿ ಕರಗಿದ್ದ ನೀರಿನಲ್ಲಿ ತನ್ನ ಮುಖ ನೋಡಿಕೊಂಡ. ದುಂಡಗಿದ್ದ ಜುಟ್ಟಿನ ಮೇಲಂಚು ಈಗ ಏರಿಳಿತವಾಗಿತ್ತು. ಒಂದು ಮೊನೆ, ಒಂದು ಕಚ್ಚು, ಮತ್ತೆ ಒಂದು ಮೊನೆ, ಒಂದು ಕಚ್ಚು. ಅವನು ಬಹಳ ಹೊತ್ತು ನೋಡಿದ. ಅಂದು ಅವನು ಹೇಂಟೆಗಳ ಹತ್ತಿರ ಹೋಗಲಿಲ್ಲ. ಬೇಲಿಯ ಆ ತುದಿಯಲ್ಲಿ ಒಬ್ಬನೇ ಕೆದಕುತ್ತಿದ್ದ.

ಮೂರನೆಯ ದಿನ ಕರಿಕಾಲಿ ಅವನ ಹತ್ತಿರ ಹೋಗಿ ಕೂತು, "ಇಲ್ಲಿಂದ ನೋಡಿದರೆ ನಿನ್ನ ತಲೆ ಮೇಲೆ ನಮ್ಮ ಬೆಟ್ಟದ ಸಾಲು ಕಂಡ ಹಾಗಿದೆ," ಎಂದಳು. ಬೇಕೆಂದೇ ಹಾಗೆ ಹೇಳಿದಳೋ, ನಿಜವಾಗಿ ಹಾಗೆ ಕಂಡಿತೋ, ಯಾರಿಗೆ ಗೊತ್ತು. ಕೆಂಚ ಆ ಸಂಜೆ ಮತ್ತೆ ಎಲ್ಲರ ಮುಂದೆ ನಡೆದು ಗೂಡಿಗೆ ಬಂದ.

ಚಳಿ ಹೋಯಿತು. ತೊರೆಗೆ ಮಾತು ಬಂತು. ಕರಿಕಾಲಿ ಕಾವಿಗೆ ಕೂತು ಒಂಬತ್ತು ಮರಿ ಮಾಡಿದಳು. ಅವುಗಳಲ್ಲಿ ನಾಲ್ಕು ಹುಂಜ. ಮರಿಗಳು ಬೆಳೆದವು, ನಾಲ್ಕಕ್ಕೂ ತಲೆಯ ಮೇಲೆ ಕೆಂಪಗೆ ಚಿಗುರಿತು. ದ್ಯಾವಿ ಒಂದು ಬೆಳಿಗ್ಗೆ ಕಾಳು ಹಾಕುವಾಗ ನೋಡಿದಳು. ನಾಲ್ಕೂ ಜುಟ್ಟಿನ ಅಂಚಿನಲ್ಲಿ ಮೊನೆ, ಕಚ್ಚು, ಮೊನೆ, ಕಚ್ಚು.

"ಈ ಮರಿಗಳಿಗೆ ಚಳಿಯೇ ತಾಗಿಲ್ಲ," ಎಂದಳು ಕೆಂಚನಿಗೆ. "ನಾನು ಮಾಡಿದ್ದು ಇವಕ್ಕೂ ಬಂತಲ್ಲೋ."

ಕೆಂಚ ಮರಿಗಳನ್ನು ನೋಡಿದ. ಅವಳನ್ನು ನೋಡಿದ.

"ಬರಲಿ ಬಿಡು," ಎಂದ. "ಮುಂದೆ ಎಲ್ಲರೂ ಗೂಡು ಕಟ್ತಾರೆ. ನಿನ್ನ ಹಾಗೆ ಪ್ರೀತಿಯಿಂದಲೇ ಕಟ್ತಾರೆ, ಮುಚ್ಚಿಬಿಡೋಣ ಅಂತಲೇ ಅವರಿಗೂ ಅನ್ನಿಸುತ್ತೆ. ನಮ್ಮ ಮಾತು ಆಗ ಅವರಿಗೆ ತಿಳಿಯುತ್ತೋ ಇಲ್ಲವೋ. ತಲೆ ಮೇಲೆ ಇದು ಇದ್ದರೆ, ಮೇಲುಗಡೆ ಸಂದು ಬಿಡಬೇಕು ಅಂತ ನೋಡಿಯಾದರೂ ತಿಳ್ಕೊಳ್ತಾರೆ."

ದ್ಯಾವಿ ಮಡಿಲಿನ ಕಾಳನ್ನೆಲ್ಲ ಅವುಗಳ ಮುಂದೆ ಸುರಿದಳು.

ಅವಳಿಗೂ ಗಾಳಿಗೂ ಮೊದಲಿನ ಸ್ನೇಹ ಮತ್ತೆ ಕೂಡಿಬಂತೇ ಎಂದರೆ, ಹಾಗೆ ಹೇಳಲಾಗದು. ಅವಳು ಅದನ್ನು ಕರೆಯಲಿಲ್ಲ, ನಗುತ್ತ ಮಾತಾಡಿಸಲೂ ಇಲ್ಲ. ಆದರೆ ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಏಣಿ ಇಟ್ಟು ಹತ್ತಿ, ಆ ಎರಡು ಸಂದುಗಳಲ್ಲಿ ಕಟ್ಟಿದ ಜೇಡರಬಲೆ ತೆಗೆದು, ಸಿಕ್ಕಿಕೊಂಡ ಹುಲ್ಲುಕಡ್ಡಿ ಬಿಡಿಸಿ, ಬಟ್ಟೆಯಿಂದ ಒರೆಸುತ್ತಿದ್ದಳು. ಗಾಳಿ ಕಾದಿದ್ದು, ಅವಳು ಏಣಿಯಿಂದ ಇಳಿದ ಮೇಲೆ ಹಾದುಹೋಗುತ್ತಿತ್ತು. ಸುತ್ತಲಿನ ಗುಡ್ಡಗಳವರು ಬಂದು ಆ ಗೂಡು ನೋಡಿ, ತಮ್ಮ ಹಿತ್ತಲಲ್ಲೂ ಹಾಗೇ ಕಟ್ಟಿಕೊಂಡರು.

ಅದಾಗಿ ಎಷ್ಟೋ ಕಾಲವಾಯಿತು. ಲೋಕ ಹಳೆಯದಾಯಿತು, ಕಲ್ಲುಗಳು ಕೂತಲ್ಲೇ ಕೂತವು, ಕೋಳಿಯ ಮಾತು ನಮಗೆ ತಿಳಿಯದ ಹಾಗಾಯಿತು. ಆದರೂ ಚಳಿಗಾಲದ ಬೆಳಿಗ್ಗೆ ನೀನು ಹಿತ್ತಲಿಗೆ ಹೋಗಿ ನೋಡಿದರೆ, ಹೇಂಟೆಗಳು ಕಾಲನ್ನು ಹೊಟ್ಟೆಯ ಗರಿಯೊಳಗೆ ಅಡಗಿಸಿ ಎತ್ತರದ ಕೋಲಿನ ಮೇಲೆ ಒತ್ತೊತ್ತಾಗಿ ಕೂತಿರುತ್ತವೆ. ಬೇಲಿಯ ಮೇಲೆ ಹತ್ತಿ ಕೂಗುವ ಹುಂಜದ ಜುಟ್ಟು ಗರಗಸದ ಹಾಗೆ ಹಲ್ಲುಹಲ್ಲಾಗಿರುತ್ತದೆ, ಮತ್ತು ಆ ಹಲ್ಲುಗಳ ಸಂದಿಯಲ್ಲಿ ಗಾಳಿ, ಯಾರ ಮೈಗೂ ತಾಗದ ಹಾಗೆ, ಮೆಲ್ಲಗೆ ಹಾದುಹೋಗುತ್ತಿರುತ್ತದೆ.